ಹಿಂದಿನ ಲೈನಿನ ಪಾಳಿ

ಕರೆಂಟಿಗೆ ಕಣ್ಣು ಮೂಡಿದರೆ ಏನಾಗುತ್ತದೆ? ಯಾರಿಗೆ ಎಷ್ಟು ಬೇಕು ಎಂದು ಅದೇ ನೋಡಿ ಹಂಚಿದರೆ? ಈ ಪ್ರಶ್ನೆ ಕೇಳಿದವರು ಕೆಟ್ಟವರಲ್ಲ. ಕೃಷ್ಣಾ ದಂಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು ಕೇಳಿದರು, ಅವರ ಪ್ರೊಫೆಸರು ಭೇಷ್ ಅಂದರು, ಕಾಲೇಜು ಹೂಂ ಅಂದಿತು. ಕೆಟ್ಟವರು ಯಾರೂ ಇಲ್ಲದ ಕಥೆ ಇದು. ಅದಕ್ಕೇ ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹಿಡಿದು ಬಯ್ಯೋಣವೆಂದರೆ ಒಬ್ಬರೂ ಕೈಗೆ ಸಿಗುವುದಿಲ್ಲ.

ಆ ವರ್ಷಗಳಲ್ಲಿ ನಮ್ಮ ಕಡೆಯ ಬೇಸಿಗೆ ಶಿವರಾತ್ರಿಗೇ ಶುರುವಾಗುತ್ತಿತ್ತು, ಜೂನಿನ ಮಿರಗದ ಮಳೆ ಬಂದರೂ ಮುಗಿಯುತ್ತಿರಲಿಲ್ಲ. ಸರಕಾರದ ಕರೆಂಟು ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಮುಖ ತೋರಿಸಿ ಹೋಗುತ್ತಿತ್ತು. ಉಳಿದ ಹೊತ್ತಿಗೆ ಕಾಲೇಜು ತನ್ನದೇ ಸಂಸಾರ ಹೂಡಿತ್ತು. ಎಲ್ಲ ತಾರಸಿಗಳ ಮೇಲೂ ಸೋಲಾರ್ ಹಲಗೆ, ಗ್ರಂಥಾಲಯದ ಹಿಂದೆ ಬ್ಯಾಟರಿ ತುಂಬಿದ ಶೆಡ್ಡು, ಎಲೆಕ್ಟ್ರಿಕಲ್ ವಿಭಾಗದ ನೆಲಮಾಳಿಗೆಯಲ್ಲಿ ಕಂಟ್ರೋಲ್ ರೂಮು. ಆದರೆ ನಡು ಮಧ್ಯಾಹ್ನದ ಝಳಕ್ಕೆ ಹಲಗೆಗಳೇ ಕಾದು ಸೋತುಹೋಗುತ್ತಿದ್ದವು; ಅದೇ ಹೊತ್ತಿಗೆ ಕ್ಯಾಂಪಸ್ಸಿನ ಎಸಿಗಳೆಲ್ಲ ಬಾಯಿ ತೆರೆಯುತ್ತಿದ್ದವು. ಹುಟ್ಟುವುದು ಕಡಿಮೆ, ಉಣ್ಣುವುದು ಹೆಚ್ಚು. ಯಾರದಾದರೂ ಒಂದು ಕಡೆ ಕತ್ತರಿಸಲೇಬೇಕಿತ್ತು.

ಕ್ಯಾಂಪಸ್ಸಿನ ಕಟ್ಟಕಡೆಗೆ, ಹಾಸ್ಟೆಲ್ ಮೆಸ್ಸಿನ ಬೆನ್ನಿಗೆ, ಹನ್ನೆರಡು ಮನೆಗಳ ಒಂದು ಸಾಲು ಇತ್ತು. ಅಡುಗೆಯವರು, ಕಸ ಗುಡಿಸುವವರು, ಮಾಲಿಗಳು ಇರುವ ಸಾಲು. ಎಲ್ಲರೂ ಅದನ್ನು ಕರೆಯುತ್ತಿದ್ದುದು ಹಿಂದಿನ ಲೈನು ಎಂದು. ಒಂದು ವರ್ಷ ಹಾಸ್ಟೆಲ್ಲಿಗೆ ಹೊಸ ಎಸಿ ಬಂದಾಗ ಹಳೆಯವನ್ನು ಕಾಲೇಜು ಈ ಸಾಲಿನವರಿಗೆ ಅಗ್ಗಕ್ಕೆ ಮಾರಿತು. ಹನ್ನೊಂದು ಮನೆಯವರು ಕೊಂಡರು. ಕೊಂಡ ದಿನವೇ ಹನ್ನೊಂದೂ ಒಟ್ಟಿಗೆ ಗುರ್ರೆಂದವು, ಕಂಬದ ಮೇಲಿನ ಕೇಬಲ್ಲು ಢಮ್ಮೆಂದಿತು. ಅದು ಬಲ್ಬಿನ ಕಾಲದಲ್ಲಿ ಎಳೆದದ್ದು. ಒಂದು ಎಸಿಯನ್ನು ಕಷ್ಟಪಟ್ಟು ಹೊರುತ್ತಿತ್ತು, ಅಷ್ಟೇ. ಮತ್ತೆ ಕರೆಂಟು ಬರುವಷ್ಟರಲ್ಲಿ ಲೈನಿನವರು ಒಬ್ಬರ ಮೇಲೊಬ್ಬರು ಹರಿಹಾಯ್ದು, ಮಾತು ಬಿಟ್ಟು, ಕೊನೆಗೆ ಹನ್ನೆರಡನೆಯ ಮನೆಯ ತಿಪ್ಪವ್ವನ ಮುಂದೆ ಬಂದು ಕೂತರು.

ತಿಪ್ಪವ್ವ ಮೆಸ್ಸಿನಲ್ಲಿ ರೊಟ್ಟಿ ಬಡಿದು ಬಡಿದೇ ಮುದುಕಿಯಾದವಳು. ಹಿಂದೆ ಸೌದೆ ಕೋಣೆಯಾಗಿದ್ದ ತಗಡಿನ ಮನೆಯಲ್ಲಿ ಇದ್ದಳು. ಕೆಲಸ ಬಿಟ್ಟ ಮೇಲೂ ಅವಳನ್ನು ಅಲ್ಲಿಂದ ಬಿಡಿಸಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಒಂದು ಬಲ್ಬು, ಒಂದು ಫ್ಯಾನು, ಎಸಿ ಇಲ್ಲ. ಎಸಿ ಇಲ್ಲದವಳು ಯಾರ ಪಕ್ಷವನ್ನೂ ಹಿಡಿಯುವುದಿಲ್ಲ ಎಂದು ಎಲ್ಲರೂ ಅವಳ ಮಾತಿಗೆ ಒಪ್ಪಿದರು.

"ದಿನಾ ಒಂದು ಮನಿ," ಅಂದಳು ತಿಪ್ಪವ್ವ. "ಒಂದ ಎಸಿ ಹಚ್ಚೂದು, ಎಲ್ಲಾರೂ ಅಲ್ಲೇ ಕುಂದ್ರೂದು. ನಾಳೆ ಮುಂದಿನ ಮನಿ. ಎಲ್ಲಾರೂ ಬಂದ ಮ್ಯಾಲೇ ಬಾಗಲಾ ಹಾಕೂದು. ಪಾಳಿ ಅಂದ್ರ ಪಾಳಿ."

ಅಂದಿನಿಂದ ಮಧ್ಯಾಹ್ನದ ಊಟದ ಪಾತ್ರೆ ತೊಳೆದದ್ದೇ ತಡ, ತಿಪ್ಪವ್ವ ಲೈನಿನ ನಡುವೆ ನಿಂತು ಹಿತ್ತಾಳೆ ತಾಟಿಗೆ ಸವಟು ಬಡಿಯುತ್ತಿದ್ದಳು. "ಇವತ್ತ ಪಾಳಿ ಹಸೀನಾನ ಮನೀದು, ಬರ್ರಿ!" ಹೆಂಗಸರು ಬಳ್ಳೊಳ್ಳಿ ಬಿಡಿಸುವ ಮೊರದೊಂದಿಗೆ, ಮಕ್ಕಳು ಪಾಟೀಚೀಲದೊಂದಿಗೆ, ಮಾಲಿ ಪೀರಪ್ಪ ಬರೀ ತನ್ನ ಗೊರಕೆಯೊಂದಿಗೆ ಬಂದು ತುಂಬಿಕೊಳ್ಳುತ್ತಿದ್ದರು. ತಿಪ್ಪವ್ವ ಹೊಸ್ತಿಲಲ್ಲಿ ನಿಂತು ಎಲ್ಲರ ಮುಖ ನೋಡುತ್ತಿದ್ದಳು. "ಕಸ್ತೂರೆವ್ವ ಎಲ್ಲಿ? ಹೋಗ್ರೇ, ಕರಕೊಂಡು ಬರ್ರಿ." ಬಂದ ಮೇಲೇ ಬಾಗಿಲು. ನಿನಗೊಂದು ಎಸಿ ಇರಬೇಕಿತ್ತು ನೋಡು ಎಂದು ಯಾರಾದರೂ ಕಾಡಿಸಿದರೆ, "ನನಗ ಬ್ಯಾರೆ ಯಾಕ ಬೇಕು? ನನ್ನವು ಹನ್ನೊಂದು ಅದಾವಲ್ಲ," ಎನ್ನುತ್ತಿದ್ದಳು.

ಆ ತಂಪು ಅವಳಿಗೆ ಬರೀ ಸುಖದ ಮಾತಾಗಿರಲಿಲ್ಲ. ಪಾಳಿ ಶುರುವಾಗುವ ಮೊದಲಿನ ಬೇಸಿಗೆಯಲ್ಲಿ ಅವಳು ತನ್ನ ತಗಡಿನ ಕೆಳಗೆ ಎಚ್ಚರ ತಪ್ಪಿ ಬಿದ್ದಿದ್ದಳು. ಎತ್ತಿಕೊಂಡು ದವಾಖಾನೆಗೆ ಓಡಿದವಳು ಭುವನೇಶ್ವರಿ. ಡಾಕ್ಟರು ಅವಳಿಗೆ ನೇರ ಹೇಳಿದ್ದರು: "ಈ ಅಜ್ಜೀ ಮೈ ಇನ್ನ ಬಿಸಲಾ ತಡ್ಯಂಗಿಲ್ಲ. ಮಧ್ಯಾಹ್ನ ತಂಪಿನ್ಯಾಗ ಇಟ್ಟರ ಇರತಾಳ. ಇಲ್ಲಂದ್ರ ಇಲ್ಲ."

ಭುವನೇಶ್ವರಿ ಮೂರನೆಯ ಮನೆಯ ಕಸ್ತೂರೆವ್ವನ ಮಗಳು. ಕಸ್ತೂರೆವ್ವ ಮೆಸ್ಸಿನಲ್ಲಿ ಒಲೆಯ ಮುಂದೆ ಬೇಯುತ್ತಿದ್ದಾಗ ಈ ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು ತಿಪ್ಪವ್ವ. ಹುಡುಗಿ ಜಾಣೆ, ತಾಯಿ ಅನ್ನ ಬಡಿಸುವ ಕಾಲೇಜಿನಲ್ಲೇ ಎಲೆಕ್ಟ್ರಿಕಲ್ ಓದುತ್ತಿದ್ದಳು. ಅವಳ ಎದೆಯಲ್ಲಿ ಒಂದೇ ಹಟ ಇತ್ತು. ತಾನು ಆಯಿ ಎಂದು ಕರೆಯುವ ತಿಪ್ಪವ್ವನಿಗೆ ಮಧ್ಯಾಹ್ನದ ತಂಪು ಎಂದೂ ತಪ್ಪಬಾರದು.

*

ಪ್ರೊಫೆಸರ್ ಜಹಾಗೀರದಾರರಿಗೆ ತಮ್ಮ ಕ್ಯಾಂಪಸ್ ಗ್ರಿಡ್ಡೆಂದರೆ ಮನೆಮಗಳಷ್ಟು ಅಕ್ಕರೆ. "ಕಾಗದದ ಮ್ಯಾಲೆ ಪ್ರಾಜೆಕ್ಟ್ ಮಾಡೋರು ಬ್ಯಾರೆ ಕಾಲೇಜಿಗೆ ಹೋಗ್ರಿ. ಇಲ್ಲೆ ಜೀವಂತ ಕರೆಂಟ್ ಅದ. ಅದನ್ನ ಮುಟ್ಟಿ ಕಲೀರಿ," ಎಂದು ಪ್ರತಿ ವರ್ಷ ಕೊನೆಯ ವರ್ಷದವರಿಗೆ ಹೇಳುತ್ತಿದ್ದರು. ಆ ವರ್ಷ ಅವರು ಕೊಟ್ಟ ವಿಷಯ: ಮಧ್ಯಾಹ್ನದ ಕಡಿತವನ್ನು ನ್ಯಾಯವಾಗಿ ಹಂಚುವ ಯಂತ್ರ ಮಾಡಿ.

ಭುವನೇಶ್ವರಿಯ ಜೊತೆಗಾರ ಹುಬ್ಬಳ್ಳಿಯ ತೇಜಸ್ ಕುಬಸದ. ಚುರುಕು ಹುಡುಗ, ಮಾತಿನ ಮಲ್ಲ. ಇಬ್ಬರೂ ಕಂಟ್ರೋಲ್ ರೂಮಿನಲ್ಲಿ ಕೂತು ಅಲ್ಲಿಯವರೆಗಿನ ನ್ಯಾಯ ಹೇಗೆ ನಡೆಯುತ್ತಿತ್ತು ಎಂದು ನೋಡಿದರು. ನೋಡಲು ಬಹಳವೇನೂ ಇರಲಿಲ್ಲ. ಮೇಜಿನ ಮೇಲೆ ಒಂದು ಫೋನು ಇತ್ತು. ಪ್ರಿನ್ಸಿಪಾಲರ ಬಂಗಲೆಯಲ್ಲಿ ಕರೆಂಟು ಹೋದರೆ ಅದು ರಿಂಗಣಿಸುತ್ತಿತ್ತು. ಹಾಸ್ಟೆಲ್ಲಿನಲ್ಲಿ ಹೋದರೆ ಹುಡುಗರು ತಾಟು ಬಡಿದು ಹೋ ಎನ್ನುವುದು ಫೋನಿಲ್ಲದೆಯೇ ಕೇಳುತ್ತಿತ್ತು. ಹಿಂದಿನ ಲೈನಿನಿಂದ ಮಾತ್ರ ಎಂದೂ ಫೋನು ಬಂದಿರಲಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಎಂಬುದನ್ನು ಲೈನಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.

"ಅಳೋ ಕೂಸಿಗೆ ಹಾಲು," ಅಂದ ತೇಜಸ್.

"ಅಳದ ಕೂಸಿಗೂ ಹಸಿವು ಇರತೈತಿ," ಅಂದಳು ಭುವನಾ. "ಅದು ಕಾಣೂ ಹಂಗ ಮಾಡಬೇಕು."

ಉಪಾಯ ಹೊಳೆದದ್ದು ಅವಳಿಗೇ. ಪ್ರತಿ ಮನೆ, ಪ್ರತಿ ಕೋಣೆಗೂ ಬುದ್ಧಿವಂತ ಮೀಟರು ಇತ್ತು. ಒಂದು ಕಡೆ ಕರೆಂಟು ತೆಗೆದು ಮತ್ತೆ ಕೊಟ್ಟಾಗ ಏನಾಗುತ್ತದೆ ಎಂದು ಮೀಟರು ನೋಡಲಿ. ನಿಜವಾಗಿ ಕರೆಂಟು ಬೇಕಿದ್ದವರು ಬಂದ ಕೂಡಲೇ ಎಲ್ಲ ಸ್ವಿಚ್ಚೂ ಒತ್ತುತ್ತಾರೆ, ಬಳಕೆ ಒಮ್ಮೆಲೇ ಮೇಲಕ್ಕೆ ನೆಗೆಯುತ್ತದೆ. ಬೇಡದವರಲ್ಲಿ ಏನೂ ಆಗುವುದಿಲ್ಲ. ನೆಗೆತ ದೊಡ್ಡದಿದ್ದರೆ ಹಸಿವು ದೊಡ್ಡದು. ಅಲ್ಲಿ ಮುಂದಿನ ಸಲ ಕಡಿತ ಬೇಡ. ನೆಗೆತ ಇಲ್ಲದಿದ್ದರೆ ಅಲ್ಲಿಯವರು ತೃಪ್ತರು. ಅಲ್ಲಿ ಮೊದಲು ಕತ್ತರಿಸಬಹುದು. ಫೋನಿಲ್ಲ, ವಶೀಲಿಯಿಲ್ಲ. ಪ್ರಿನ್ಸಿಪಾಲರ ಬಂಗಲೆಗೂ ಪೀರಪ್ಪನ ಮನೆಗೂ ಒಂದೇ ಅಳತೆ.

"ಉಪವಾಸ ಬಿಟ್ಟವನ ತಾಟು ನೋಡಿದ್ರ ಗೊತ್ತಾಗತದ, ಎಷ್ಟು ಹಸಿದಿದ್ದ ಅಂತ!" ತೇಜಸ್ ಕುಣಿದಾಡಿದ. ಯಂತ್ರಕ್ಕೆ ಸಮಪಾಲು ಎಂದು ಹೆಸರಿಟ್ಟರು. ಪ್ರೊಫೆಸರು ಭುವನಾಳ ಬೆನ್ನು ತಟ್ಟಿದರು.

ಇನ್ನು ಪರೀಕ್ಷೆ. ಮೊದಲು ಎಲ್ಲಿ ಹಚ್ಚುವುದು? ಬಂಗಲೆಗಳ ಕಡೆ ಹಚ್ಚಿದರೆ ಪ್ರಿನ್ಸಿಪಾಲರು ಸುಮ್ಮನಿರುವುದಿಲ್ಲ. ಹಾಸ್ಟೆಲ್ಲಿಗೆ ಹಚ್ಚಿದರೆ ಕಿಟಕಿಯ ಗಾಜು ಉಳಿಯುವುದಿಲ್ಲ. ಪ್ರೊಫೆಸರು ನಕ್ಷೆಯ ಮೂಲೆಗೆ ಬೆರಳಿಟ್ಟರು. "ಇಲ್ಲೆ ಹಚ್ಚೋಣ. ಪಾಪ, ಒಳ್ಳೇ ಮಂದಿ. ಗದ್ದಲ ಮಾಡಂಗಿಲ್ಲ."

ಭುವನಾ ಖುಷಿಯಿಂದಲೇ ಒಪ್ಪಿದಳು. ಈ ಯಂತ್ರದಿಂದ ಮೊದಲು ಬದುಕು ಸುಧಾರಿಸಬೇಕಾದದ್ದು ತನ್ನ ಲೈನಿನದೇ ಅಲ್ಲವೇ ಎಂದುಕೊಂಡಳು.

*

ಸಮಪಾಲು ಹಿಂದಿನ ಲೈನನ್ನು ನೋಡಿತು. ನೋಡಿ ಬಹಳ ಸಂತೋಷಪಟ್ಟಿತು.

ಮಧ್ಯಾಹ್ನ ಕರೆಂಟು ತೆಗೆಯಿತು, ಮತ್ತೆ ಕೊಟ್ಟಿತು. ಹನ್ನೆರಡು ಮನೆಗಳಲ್ಲಿ ಹನ್ನೊಂದರ ಮೀಟರು ಮಿಸುಕಲಿಲ್ಲ. ಯಾಕೆಂದರೆ ಆ ಹನ್ನೊಂದು ಮನೆಗಳಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಪಾಳಿಯ ಮನೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು. ಪಾಳಿಯ ಮನೆಯ ಒಂದು ಎಸಿ ಮಾತ್ರ ಗುರ್ರೆಂದಿತು. ಆದರೆ ಮರುದಿನ ಆ ಮನೆಯೂ ಮಿಸುಕಲಿಲ್ಲ, ಯಾಕೆಂದರೆ ಪಾಳಿ ಪಕ್ಕದ ಮನೆಗೆ ಹೋಗಿತ್ತು. ಯಂತ್ರದ ಲೆಕ್ಕದಲ್ಲಿ ಇಡೀ ಲೈನಿಗೆ ಒಂದು ಎಸಿಯಷ್ಟು ಹಸಿವು, ಅದೂ ದಿನಕ್ಕೊಬ್ಬರಿಗೆ ಬಂದು ಹೋಗುವ ಚಪಲ. ಕಂಟ್ರೋಲ್ ರೂಮಿನ ಪರದೆಯ ಮೇಲೆ ಹನ್ನೆರಡು ಚೌಕಗಳು ಹಸಿರಾದವು. ಪ್ರತಿ ಚೌಕದ ಕೆಳಗೂ ಒಂದು ಮಾತು: ತೃಪ್ತ.

ತೃಪ್ತರಿಂದ ಕಿತ್ತು ಹಸಿದವರಿಗೆ ಕೊಡುವುದೇ ಯಂತ್ರದ ಧರ್ಮ. ಹಾಸ್ಟೆಲ್ಲಿನ ಹುಡುಗರು ಕರೆಂಟು ಬಂದ ಕೂಡಲೇ ಎಸಿ, ಫ್ಯಾನು, ಕೆಟ್ಟಲು, ಇಸ್ತ್ರಿಪೆಟ್ಟಿಗೆ ಎಲ್ಲ ಒಟ್ಟಿಗೆ ಹಚ್ಚುತ್ತಿದ್ದರು. ಅವರ ಹಸಿವು ಮುಗಿಲು ಮುಟ್ಟಿತ್ತು. ಹಿಂದಿನ ಲೈನಿನ ಕಡಿತ ದಿನದಿಂದ ದಿನಕ್ಕೆ ಬೆಳೆಯಿತು. ಅವರು ಎಷ್ಟೆಷ್ಟು ಹೊಂದಿಕೊಂಡರೋ ಅಷ್ಟಷ್ಟು ಕಳೆದುಕೊಂಡರು. ಹೊಂದಿಕೊಂಡು ಬಾಳು ಎಂದು ಹುಟ್ಟಿದಾಗಿನಿಂದ ಕೇಳಿಸಿಕೊಂಡ ಮಂದಿಗೆ ಇದಕ್ಕಿಂತ ದೊಡ್ಡ ಮೋಸ ಬೇರೆ ಬೇಕೆ?

ಒಂದು ಮಧ್ಯಾಹ್ನ ಪಾಳಿ ಕಸ್ತೂರೆವ್ವನ ಮನೆಯಲ್ಲಿತ್ತು. ಕರೆಂಟು ಹೋಗಿ ಬಹಳ ಹೊತ್ತಾದರೂ ಬರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಅಷ್ಟು ಮಂದಿಯ ಉಸಿರು ಕುದಿಯತೊಡಗಿತು. ತಿಪ್ಪವ್ವ ಗೋಡೆಗೆ ಒರಗಿದವಳು ಹಾಗೇ ಬದಿಗೆ ವಾಲಿದಳು. ಹಸೀನಾ ಅವಳ ನೆತ್ತಿಗೆ ನೀರು ತಟ್ಟಿದಳು, ಪೀರಪ್ಪ ಬಾಗಿಲು ಒದ್ದು ತೆರೆದ, ಮಕ್ಕಳು ಮೊರದಿಂದ ಗಾಳಿ ಹಾಕಿದರು. ಕಣ್ಣು ಬಿಟ್ಟ ತಿಪ್ಪವ್ವ ಮೊದಲು ಹೇಳಿದ್ದು, "ಎಲ್ಲಾರೂ ಅದೀರಿಲ್ಲೋ?" ಎಂದು.

ಭುವನಾ ಓಡಿ ಓಡಿ ಕಂಟ್ರೋಲ್ ರೂಮಿಗೆ ಬಂದಳು. ಪರದೆಯ ಮೇಲೆ ಮೂರನೆಯ ಮನೆ ಹಸಿರಾಗಿ ಕೂತಿತ್ತು. ತೃಪ್ತ.

"ಸರ್, ನಮ್ಮ ಲೆಕ್ಕ ತಪ್ಪೈತ್ರಿ," ಅಂದಳು ಉಸಿರು ಹಿಡಿದು. "ನನಗ ಮೊದಲ ಹೊಳೀಲೇ ಇಲ್ರಿ. ಅವರು ಹಂಚಿಕೊಂಡು ಇರತಾರ್ರಿ. ಒಂದು ಎಸಿ ಕೆಳಗ ಇಡೀ ಲೈನ್ ಕುಂತಿರತೈತಿ. ಮನಿಗೆ ಎಷ್ಟು ಅಂತ ಅಲ್ಲ, ಒಂದು ಎಸಿಗೆ ಎಷ್ಟು ಮಂದಿ ಅಂತ ನೋಡಬೇಕ್ರಿ."

ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಅರ್ಥವಾಗಲಿಲ್ಲವೆಂದಲ್ಲ. "ಖರೇ ಅದ ನೀ ಅನ್ನೋದು. ಆದ್ರ ಮೀಟರ್ ಯುನಿಟ್ ಎಣಸತದವಾ, ಮಂದೀನ ಎಣಸಂಗಿಲ್ಲ. ಮೀಟರ್‌ನ್ಯಾಗ ಕಾಣಲಾರದ್ದನ್ನ ಪ್ರಾಜೆಕ್ಟಿನ್ಯಾಗ ಹೆಂಗ ತರ್ತಿ? ಮುಂದಿನ ತಿಂಗಳ ಬೆಂಗಳೂರಾಗ ಪ್ರಾಜೆಕ್ಟುಗಳ ಸ್ಪರ್ಧಾ ಪ್ರದರ್ಶನ. ಈಗ ಬುಡಾನೇ ಬದಲಿ ಮಾಡಿದ್ರ ಏನೂ ಉಳಿಯಂಗಿಲ್ಲ."

"ಅಲ್ಲೀತನಕ ನಮ್ಮ ಆಯಿ ಉಳೀಬೇಕಲ್ರಿ ಸರ್."

ಅವರು ಕನ್ನಡಕ ಹಾಕಿಕೊಂಡು ಪರದೆಯ ಕಡೆ ತಿರುಗಿದರು. ತೇಜಸ್ ಅವಳನ್ನು ಹೊರಗೆ ಕರೆದುಕೊಂಡು ಬಂದ. "ಸಿಟ್ಟಾಗಬ್ಯಾಡ ಭುವನಾ. ಯಂತ್ರ ಬದಲಿ ಆಗಂಗಿಲ್ಲ. ಮಂದಿ ಬದಲಿ ಆಗಬಹುದಲ್ಲ? ಯಂತ್ರಕ್ಕ ಏನು ಕಂಡ್ರ ಕರೆಂಟ್ ಕೊಡತದ ಅನ್ನೋದು ನಿನಗ ಗೊತ್ತದ. ಅದನ್ನ ತೋರಸ್ರಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಮೊದಲೇ ಹೇಳಿದೆನಲ್ಲ, ಕೆಟ್ಟವರು ಯಾರೂ ಇಲ್ಲ ಎಂದು.

*

ಮರುದಿನ ಭುವನಾ ಲೈನಿನವರನ್ನೆಲ್ಲ ಸೇರಿಸಿ ಪಾಠ ಹೇಳಿದಳು. ಕರೆಂಟು ಹೋಗಿ ಬಂದ ಕೂಡಲೇ ಪ್ರತಿ ಮನೆಯಲ್ಲೂ ಎಸಿ ಹಚ್ಚಬೇಕು. ಮಿಕ್ಸರು, ಇಸ್ತ್ರಿ, ಇದ್ದದ್ದೆಲ್ಲ ಹಚ್ಚಬೇಕು. ಎಲ್ಲರೂ ತಂತಮ್ಮ ಮನೆಯಲ್ಲೇ ಇರಬೇಕು.

"ಕೇಬಲ್ ಸುಡತೈತಲ್ಲವಾ ತಂಗಿ," ಅಂದ ಪೀರಪ್ಪ.

"ಸುಡ್ಲಿ ಕಾಕಾ. ಸುಟ್ಟರ ಯಂತ್ರಕ್ಕ ಕೇಳತೈತಿ."

ತಿಪ್ಪವ್ವ ತನ್ನ ತಾಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಹಸಿವಿಲ್ಲದಿದ್ರೂ ಎರಡೂ ಕೈಲೇ ಉಣ್ಣಂತೀ ಏನವಾ?"

"ಹಂಗ ಉಂಡವರಿಗೇ ಮತ್ತ ಬಡಸತಾರ ಆಯಿ. ಸ್ವಲ್ಪ ದಿನಾ ಅಷ್ಟ. ನಿನ್ನ ಸಲುವಾಗೇ ಮಾಡಾಕತ್ತೀನಿ."

"ನೀ ಓದಿದಾಕಿ. ನಿನಗ ತಿಳೀತೈತಿ ಬಿಡು," ಅಂದಳು ತಿಪ್ಪವ್ವ. ಆ ಮಧ್ಯಾಹ್ನ ಅವಳು ತಾಟು ಬಡಿಯಲಿಲ್ಲ.

ಮೊದಲ ದಿನ ಕೇಬಲ್ಲು ಸುಟ್ಟಿತು. ತೇಪೆ ಹಾಕಿದ್ದು ಮತ್ತೆ ಸುಟ್ಟಿತು. ಪರದೆಯ ಮೇಲೆ ಹಸಿರು ಚೌಕಗಳು ಕೆಂಪಾದವು. ಸಮಪಾಲು ಹಿಂದಿನ ಲೈನಿನಲ್ಲಿ ಭಾರೀ ಹಸಿವನ್ನು ಪತ್ತೆ ಹಚ್ಚಿತು. ಅಲ್ಲಿಗೆ ದಪ್ಪ ಕೇಬಲ್ಲು ಬೇಕೆಂದು ತಾನೇ ಶಿಫಾರಸು ಮಾಡಿತು. ಪ್ರದರ್ಶನ ಹತ್ತಿರ ಬಂದಿತ್ತು, ಯಂತ್ರದ ಮಾತನ್ನು ಕಾಲೇಜು ತೆಗೆದುಹಾಕುವ ಹಾಗಿರಲಿಲ್ಲ. ಎಷ್ಟೋ ವರ್ಷ ಅರ್ಜಿಗೆ ಬಾರದ ಕೇಬಲ್ಲು ಒಂದೇ ವಾರದಲ್ಲಿ ಬಂತು.

ಅಂದಿನಿಂದ ಹನ್ನೊಂದು ಎಸಿಗಳು ಹನ್ನೊಂದು ಮನೆಗಳಲ್ಲಿ ಒಟ್ಟಿಗೆ ಓಡಿದವು.

ಭುವನಾ ಗೆದ್ದಿದ್ದಳು. ಕಾಲೇಜಿನಿಂದ ಬಂದರೆ ತಾಯಿ ತನ್ನದೇ ಕೋಣೆಯಲ್ಲಿ, ತನ್ನದೇ ತಂಪಿನಲ್ಲಿ, ಕಾಲು ಚಾಚಿ ಮಲಗಿರುತ್ತಿದ್ದಳು. ಬೆಳಗಿನ ಜಾವ ಎದ್ದು ಒಲೆ ಹಚ್ಚಿದವಳಿಗೆ ರಾತ್ರಿಯ ಅಡುಗೆಗೆ ಮುನ್ನ ಇದೊಂದೇ ನಿದ್ದೆ. ಪೀರಪ್ಪನ ಗೊರಕೆ ಇಲ್ಲ, ಹಸೀನಾನ ಮಕ್ಕಳ ಗಲಾಟೆ ಇಲ್ಲ. "ಇಷ್ಟ ಸುಖಾ ನಾ ಕಂಡಿದ್ದಿಲ್ಲ ನೋಡವಾ," ಅಂದಳು ಕಸ್ತೂರೆವ್ವ. ಅವಳ ಸುಖಕ್ಕೆ ಹೊಟ್ಟೆಕಿಚ್ಚು ಪಡುವವನು ಮನುಷ್ಯನೇ ಅಲ್ಲ.

ಆದರೆ ಈ ಯಂತ್ರಕ್ಕೆ ಒಮ್ಮೆ ಹಸಿವು ತೋರಿಸಿದರೆ ಸಾಲದು, ದಿನಾ ತೋರಿಸಬೇಕು. ಒಂದು ಮಧ್ಯಾಹ್ನ ಎಸಿ ಹಚ್ಚದಿದ್ದರೆ ನಾಳೆ ಆ ಮನೆಗೇ ಕತ್ತರಿ. ಹಸೀನಾ ಒಂದು ದಿನ ತವರಿಗೆ ಹೋಗಿ ಬಂದು ಇದನ್ನು ಅನುಭವಿಸಿದಳು. ಆ ಮೇಲೆ ಲೈನಿನಲ್ಲಿ ಯಾರೂ ಮಧ್ಯಾಹ್ನ ಮನೆ ಬಿಡಲಿಲ್ಲ. ಎಲ್ಲ ಬಾಗಿಲೂ ಹಾಕಿರುತ್ತಿತ್ತು, ತಂಪು ಸೋರಬಾರದು ನೋಡಿ.

ತಿಪ್ಪವ್ವನನ್ನು ಯಾರೂ ಬೇಡ ಅನ್ನಲಿಲ್ಲ. "ನಮ್ಮನ್ಯಾಗ ಬಂದು ಮಲಕೋ ಬೇ," ಎಂದು ಎಲ್ಲರೂ ಹೇಳಿದ್ದರು. ಮೊದಮೊದಲು ಅವಳೂ ಇವತ್ತು ಇವರ ಮನೆ, ನಾಳೆ ಅವರ ಮನೆ ಎಂದು ಹೋಗುತ್ತಿದ್ದಳು. ಆದರೆ ಈಗ ಹಾಕಿದ ಬಾಗಿಲು ಬಡಿಯಬೇಕಿತ್ತು. ಬಡಿದರೆ ಮಲಗಿದವರು ಏಳಬೇಕಿತ್ತು. ಪಾಳಿ ಇದ್ದಾಗ ಅವಳು ಹನ್ನೊಂದು ಮನೆಗಳ ಯಜಮಾನಿಯಂತೆ ಹೋಗುತ್ತಿದ್ದಳು. ಈಗ ಹೋಗುವುದೆಂದರೆ ಬೇಡುವುದು. ಜೀವಮಾನವಿಡೀ ಬಡಿಸಿದ ಕೈ ಅದು. ಬೇಡುವುದು ಅವಳಿಗೆ ಬರುತ್ತಿರಲಿಲ್ಲ.

ಅವಳ ಮನೆಯದು ಒಂದೇ ಫ್ಯಾನು. ಕರೆಂಟು ಹೋಗಿ ಬಂದರೆ ಅದು ಮೊದಲಿನಷ್ಟೇ ತಿರುಗುತ್ತಿತ್ತು; ನೆಗೆತ ಎಂಬುದು ಇರಲೇ ಇಲ್ಲ. ಕೆಂಪು ಚೌಕಗಳ ಸಾಲಿನ ಕೊನೆಯಲ್ಲಿ ಹನ್ನೆರಡನೆಯ ಚೌಕ ಒಂದೇ ಹಸಿರಾಗಿ ಉಳಿದಿತ್ತು. ಕ್ಯಾಂಪಸ್ಸಿಗೆ ಕರೆಂಟು ಸಾಲದಾದಾಗ ಸಮಪಾಲು ಮೊದಲು ಆ ಫ್ಯಾನನ್ನು ನಿಲ್ಲಿಸುತ್ತಿತ್ತು. ಭುವನಾ ಅದನ್ನು ನೋಡಿದ್ದಳು. ನೋಡಿ, ಇರಲಿ ಬಿಡು ಎಂದುಕೊಂಡಿದ್ದಳು. ಮಧ್ಯಾಹ್ನ ಆಯಿ ಯಾರಾದರೊಬ್ಬರ ತಂಪಿನಲ್ಲಿ ಇರುತ್ತಾಳೆ, ಖಾಲಿ ಮನೆಯಲ್ಲಿ ಫ್ಯಾನು ತಿರುಗಿ ಏನಾಗಬೇಕು?

*

ಬೆಂಗಳೂರಿನ ಸಭಾಂಗಣ ಮೈ ನಡುಗುವಷ್ಟು ತಣ್ಣಗಿತ್ತು. ಅಷ್ಟು ಹೊತ್ತಿಗೆ ಹೊಸ ಕೇಬಲ್ಲಿನ ಪುಣ್ಯದಿಂದ ಕೇಳಿದಷ್ಟೂ ಸಿಗುತ್ತಿದ್ದುದರಿಂದ ಲೈನಿನ ಕೆಂಪು ಚೌಕಗಳೂ ಒಂದೊಂದಾಗಿ ಹಸಿರಾಗಿದ್ದವು. ವೇದಿಕೆಯ ದೊಡ್ಡ ಪರದೆಯ ಮೇಲೆ ಇಡೀ ಕ್ಯಾಂಪಸ್ಸು ಆ ಕ್ಷಣಕ್ಕೆ ಹೇಗಿದೆಯೋ ಹಾಗೇ ಕಾಣುತ್ತಿತ್ತು. ಬೆಳಿಗ್ಗೆ ಭುವನಾ ತಾಯಿಗೆ ಫೋನು ಮಾಡಿದ್ದಳು.

"ಆಯಿ ಎಲ್ಲಿ ಯವ್ವಾ?"

"ಅದಾಳ. ನಿನ್ನೆ ಹಸೀನಾನ ಮನಿಗೆ ಹೋಗಿದ್ಲು ಕಾಣತೈತಿ. ನೀ ಚಿಂತಿ ಮಾಡಬ್ಯಾಡ, ಚಲೋತಂಗ ಮಾತಾಡು."

ಭುವನಾ ಚಲೋತಂಗ ಮಾತಾಡಿದಳು. ಹಸಿವಿನ ಅಳತೆಯ ಕಥೆ ಹೇಳಿದಳು. ತೀರ್ಪುಗಾರರಲ್ಲಿ ಒಬ್ಬ ಹಿರಿಯ ಹೆಂಗಸು ಕೇಳಿದರು: "ದನಿ ಎತ್ತದವರನ್ನು ನಿಮ್ಮ ಯಂತ್ರ ಹೇಗೆ ಕಾಯುತ್ತದೆ?"

ಭುವನಾಳಿಗೆ ಬೇಕಾಗಿದ್ದದ್ದು ಅದೇ ಪ್ರಶ್ನೆ. ಹಿಂದಿನ ಲೈನನ್ನು ಪರದೆ ತುಂಬ ತೆರೆದಳು. ಹನ್ನೆರಡು ಮನೆಗಳು, ಹನ್ನೆರಡೂ ಹಸಿರು. ಅವಳ ಬೆರಳು ಕೊನೆಯ ಚೌಕದ ಮೇಲೆ ನಿಂತಿತು. "ಇದು ಒಬ್ಬ ಅಜ್ಜಿಯ ಮನೆ. ಮೆಸ್ಸಿನಲ್ಲಿ ರೊಟ್ಟಿ ಮಾಡುತ್ತಿದ್ದವರು. ನನ್ನನ್ನು ಬೆಳೆಸಿದವರು. ಎಂದೂ ಯಾರಿಗೂ ಫೋನ್ ಮಾಡಿದವರಲ್ಲ. ಈ ಯಂತ್ರ ಹುಟ್ಟಿದ್ದೇ ಅವರಿಗಾಗಿ. ನೋಡಿ, ತೃಪ್ತ ಎಂದು ತೋರಿಸುತ್ತಿದೆ."

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಪ್ರೊಫೆಸರ್ ಜಹಾಗೀರದಾರರ ಕಣ್ಣು ತುಂಬಿತ್ತು. ಬಹುಮಾನ ಬಂತು, ಇನ್ನೂ ಹತ್ತಾರು ಊರುಗಳಲ್ಲಿ ಸಮಪಾಲು ಹಚ್ಚುತ್ತೇವೆ ಎಂಬ ಘೋಷಣೆಯೂ ಬಂತು.

ಹಾರ ಕೊರಳಲ್ಲಿ ಇರುವಾಗಲೇ ತಾಯಿಯ ಫೋನು ಬಂತು.

ಅವತ್ತು ಸಂಜೆ ಮೆಸ್ಸಿನಿಂದ ಅನ್ನ ತಂದ ಕಸ್ತೂರೆವ್ವ ತಗಡಿನ ಬಾಗಿಲು ತಟ್ಟಿದ್ದಳು. ಬಾಗಿಲು ಬರೀ ಮುಂದಕ್ಕೆ ಹಾಕಿತ್ತು. ಒಳಗೆ ತಿಪ್ಪವ್ವ ನಿಂತ ಫ್ಯಾನಿನ ಕೆಳಗೆ, ನೆಲದ ಮೇಲೆ, ಸೆರಗು ಒದ್ದೆ ಮಾಡಿ ಎದೆಯ ಮೇಲೆ ಹಾಕಿಕೊಂಡು ಮಲಗಿದ್ದಳು. ಸೆರಗು ಒಣಗಿ ಕಟ್ಟಿಗೆಯಾಗಿತ್ತು. ಹಿಂದಿನ ದಿನ ಮಧ್ಯಾಹ್ನವೇ ಜೀವ ಹೋಗಿದೆ ಅಂದರು ಡಾಕ್ಟರು. ಭುವನಾ ವೇದಿಕೆಯ ಮೇಲೆ ಬೆರಳಿಟ್ಟು ತೋರಿಸುವಾಗ ಆ ಹಸಿರು ಚೌಕದ ಒಳಗೆ ಹೆಣವಿತ್ತು.

"ನಿಮ್ಮನ್ಯಾಗ ಅದಾಳ ಅಂತ ನಾ ತಿಳ್ಕೊಂಡಿದ್ದೆ," ಎಂದು ಹಸೀನಾ ಅತ್ತಳು.

"ನಾ ನಿಮ್ಮನ್ಯಾಗ ಅಂತ," ಅಂದಳು ಕಸ್ತೂರೆವ್ವ.

ಪೀರಪ್ಪನೂ ಹಾಗೇ ತಿಳಿದಿದ್ದ. ಹನ್ನೊಂದು ಮನೆಯವರೂ ಹಾಗೇ ತಿಳಿದಿದ್ದರು. ತಣ್ಣಗಿರುವ ಮನೆ ಒಂದೇ ಇದ್ದಾಗ, ಅಲ್ಲಿ ಇಲ್ಲದವರು 'ಇಲ್ಲ' ಎಂದು ಕಾಣುತ್ತಿದ್ದರು. ಕರೆದು ತಂದು ಬಾಗಿಲು ಹಾಕುತ್ತಿದ್ದರು. ಹನ್ನೊಂದು ಮನೆ ತಣ್ಣಗಾದ ಮೇಲೆ ಇಲ್ಲದವರು ಎಲ್ಲೋ ಇರುತ್ತಾರೆ ಎಂದಾಯಿತು.

*

ಮಣ್ಣು ಮಾಡಿ ಬಂದ ಮೇಲೆ ಭುವನಾ ಕಂಟ್ರೋಲ್ ರೂಮಿಗೆ ಹೋದಳು. ಪ್ರೊಫೆಸರು ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. ಅವರಿಗೆ ನಿಜವಾಗಿಯೂ ನೋವಾಗಿತ್ತು. "ಆದ್ರ ಯಂತ್ರದ ತಪ್ಪಿಲ್ಲವಾ," ಅಂದರು ಮೆಲ್ಲಗೆ. "ಆ ಮನೀದು ಬೇಡಿಕೀನ ಇದ್ದಿದ್ದಿಲ್ಲ."

"ಹೌದ್ರಿ ಸರ್," ಅಂದಳು ಭುವನಾ. "ಆಕಿ ಬೇಡೂದು ಕಲೀಲೇ ಇಲ್ಲ. ಬ್ಯಾರೇದವರಿಗೆಲ್ಲ ನಾ ಕಲಿಸಿದೆ."

ಪರದೆಯ ಮೇಲೆ ಹನ್ನೆರಡನೆಯ ಚೌಕ ಇನ್ನೂ ಹಸಿರಾಗಿತ್ತು. ಅದನ್ನು ಅಳಿಸು ಎಂದು ಅವಳು ತೇಜಸ್‌ನನ್ನು ಕೇಳಿದಳು. ಅವನು ತಲೆ ತಗ್ಗಿಸಿ ಹೇಳಿದ: "ಮೀಟರ್ ಇರೋ ತನಕ ಚೌಕ ಇರತದ ಭುವನಾ. ಈಗ ಇಡೀ ಕ್ಯಾಂಪಸ್ಸಿನ್ಯಾಗ ಅದ ಎಲ್ಲಕ್ಕಿಂತ ತೃಪ್ತ ಮನಿ."

ಅವಳು ಎದ್ದು ಲೈನಿಗೆ ಬಂದಳು. ಸುಡು ಮಧ್ಯಾಹ್ನ. ಹನ್ನೆರಡನೆಯ ಮನೆಯ ಗೂಡಿನಲ್ಲಿ ಹಿತ್ತಾಳೆ ತಾಟು, ಸವಟು ಇಟ್ಟಲ್ಲೇ ಇದ್ದವು. ಎತ್ತಿಕೊಂಡು ಲೈನಿನ ನಡುವೆ, ತಿಪ್ಪವ್ವ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಬಡಿದಳು. "ಇವತ್ತ ಪಾಳಿ ನಮ್ಮ ಮನೀದು, ಬರ್ರಿ!" ಗಂಟಲು ಹರಿಯುವಂತೆ ಕೂಗಿದಳು. "ಹಸೀನಾ ಚಾಚಿ, ಪೀರಪ್ಪ ಕಾಕಾ, ಬರ್ರಿ! ಎಲ್ಲಾರೂ ಬಂದ ಮ್ಯಾಲೇ ಬಾಗಲಾ ಹಾಕೂದು!"

ಹನ್ನೊಂದು ಎಸಿಗಳ ಗುರ್ರೆಂಬ ಸದ್ದಿನಲ್ಲಿ ಅವಳ ತಾಟಿನ ಸದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಅಂಗೈ ಕೆಂಪಾಗುವವರೆಗೆ ಬಡಿದಳು. ಒಂದು ಬಾಗಿಲೂ ತೆರೆಯಲಿಲ್ಲ.

ಕೊನೆಗೆ ತಾನೇ ಹೋಗಿ ತನ್ನ ಮನೆಯ ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಮೇಲೆ ನಿಂತಳು, ಯಾರಾದರೂ ಬರುತ್ತಾರೇನೋ ಎಂದು ಲೈನಿನುದ್ದಕ್ಕೂ ನೋಡುತ್ತಾ. ಬಿಸಿಗಾಳಿ ಒಳಗೆ ನುಗ್ಗಿತು. ರಾತ್ರಿ ಅತ್ತು ಅತ್ತು ಈಗಷ್ಟೇ ನಿದ್ದೆ ಹತ್ತಿದ್ದ ಕಸ್ತೂರೆವ್ವ ಹೊದಿಕೆಯ ಒಳಗಿಂದ ಮಗ್ಗುಲಾದಳು.

"ಬಾಗಲಾ ಹಾಕವಾ," ಅಂದಳು. "ತಂಪು ಹೊರಗ ಹೋಗತೈತಿ."